ಹೂವು ಹೋದ ಮೇಲೆ ಬಂದ ಎಲೆ

ಆ ಹೂವೂ ಆ ಎಲೆಯೂ ಒಂದೇ ಗಿಡದವೆಂದು ತೋರಿಸಲು ನನ್ನಿಂದ ಎಂದಿಗೂ ಆಗದು ಎಂದವರು ನಮ್ಮ ಮೇಲಧಿಕಾರಿಗಳು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ. ನಾನು ಮಧುಗಿರಿಯಲ್ಲಿ ಸಸ್ಯ ಸಂಗ್ರಹದ ತಾತ್ಕಾಲಿಕ ಸಹಾಯಕ. ಹುಲಿಕುಂಟೆ ಕಡೆಯ ಕುರಿ ಕಾಯುವ ನಮ್ಮ ವಂಶದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಗಿಡ ಒಣಗಿಸಿ, ಹರ್ಬೇರಿಯಂ ಹಾಳೆಗೆ ಅಂಟಿಸಿ, ಹೆಸರು ಬರೆಯುವುದು ಕೆಲಸ. ಸಿದ್ದರಬೆಟ್ಟದ ತಪ್ಪಲಿನಲ್ಲಿ ಆಡು ಮೇಯಿಸುತ್ತಿದ್ದ ಸೋದರತ್ತೆ ಗಿರಿಯಮ್ಮ, ಮೊದಲ ಮಳೆಗೆ ಎದ್ದ ಒಂದು ಹೂವು ತೋರಿಸಿದಳು. ಬರೀ ದಂಟು, ತುದಿಗೆ ಹೂವು, ಎಲೆಯೇ ಇಲ್ಲ. ನರ್ವಿಲಿಯ ಎಂದು ಗುರುತಿಸಿದೆ, ನೆಲದಲ್ಲೇ ಬೆಳೆಯುವ ಆರ್ಕಿಡ್ ಕುಲ. ನಾನು ಹೂವು ಕೊಯ್ದ ಮೇಲೆ ಅತ್ತೆ ಆ ಜಾಗದ ಸುತ್ತ ಮೂರು ಕಲ್ಲಿಟ್ಟಳು. ಹೂವು ಹೋದರೆ ಗುರುತೇ ಸಿಗದು; ಕಲ್ಲುಗಳ ನಡುವೆ ಎಲೆ ಬಂದ ಮೇಲೆಯೇ ಆಡು ಕಾಯುವವರು ಔಷಧಿಗೆ ಗಡ್ಡೆ ಕೀಳುವುದು. ತಿಂಗಳ ನಂತರ ಹೋದರೆ ಅಲ್ಲಿ ಅಗಲವಾದ ಒಂದೇ ಎಲೆ. ಅದನ್ನು ತಂದು ಒಣಗಿದ ಹೂವಿನ ಪಕ್ಕ ಅಂಟಿಸಿಬಿಟ್ಟೆ.

ಅದೇ ತಪ್ಪಾಯಿತು. ಬೇರೆ ಬೇರೆ ದಿನ ಕಿತ್ತದ್ದನ್ನು ಒಂದೇ ಗಿಡವೆಂದು ತೋರಿಸುವುದು ನಮ್ಮ ಕೆಲಸದಲ್ಲಿ ಮೋಸವೆನಿಸುತ್ತದೆ. ಈ ಕುಲದಲ್ಲಿ ಹೂವು ಮೊದಲು, ಎಲೆ ಆಮೇಲೆ ಎಂಬುದು ಅಧಿಕಾರಿಗಳಿಗೂ ಗೊತ್ತಿತ್ತು. ಆದರೆ ಈ ಎಲೆ ಈ ಹೂವಿನದೇ ಎಂಬುದಕ್ಕೆ ಪುರಾವೆ? "ಆಡು ಕಾಯೋರು ಇಟ್ಟ ಕಲ್ಲು ಬಂದು ಸಾಕ್ಷಿ ಹೇಳುತ್ತೇನ್ರೀ?" ಎಂದರು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ರುಜುವಾತು ಮಾಡದಿದ್ದರೆ ನೌಕರಿ ಬಿಟ್ಟು ಊರಿಗೆ ಹೋಗಬೇಕಾಗಿತ್ತು.

ಮರುವರ್ಷ ಅದೇ ಕಲ್ಲುಗಳ ನಡುವೆ ಮತ್ತೆ ಹೂವು ಎದ್ದಾಗ ಗಡ್ಡೆ ಸಮೇತ ಅಗೆದು ತಂದೆ. ಬೇರೆ ಬೀಜ ಮೊಳೆಯದಂತೆ ಮಣ್ಣನ್ನು ಹುರಿದು, ಜರಡಿ ಹಿಡಿದು, ಕುಂಡಕ್ಕೆ ತುಂಬಿ ನೆಟ್ಟೆ. ಮೇಲೆ ಬಿದಿರು ಬುಟ್ಟಿ ಮುಚ್ಚಿ ದಾರ ಬಿಗಿದೆವು. ಅಧಿಕಾರಿಗಳೇ ಅರಗಿನ ಮುದ್ರೆ ಒತ್ತಿದರು. ಹೂವು ಬಾಡಿತು. ವಾರಗಳು ಕಳೆದರೂ ಬರೀ ಮಣ್ಣು. ನಾನು ಹೆದರಿ ದಿನಕ್ಕೆರಡು ಸಲ ನೀರು ಹಾಕುತ್ತಿದ್ದೆ. "ಏನಯ್ಯಾ ಬಿ.ಎಸ್ಸಿ., ಬುಟ್ಟಿ ಕಾವು ಕೂತಿದೆಯಾ?" ಎಂದು ಗುಮಾಸ್ತರು ನಗುತ್ತಿದ್ದರು.

ಸಂತೆಗೆ ಬಂದ ಅತ್ತೆ ಕುಂಡ ಮುಟ್ಟಿ ನೋಡಿ ನನ್ನ ಕೈಯಿಂದ ಚೊಂಬು ಕಿತ್ತುಕೊಂಡಳು. "ಇದೇನ್ ಕೊತ್ಮಿರಿ ಸೊಪ್ಪು ಅಂದ್ಕೊಂಡೇನ್ಲಾ? ಗಡ್ಡೆ ಕೊಳ್ತೋಯ್ತದೆ. ಸುಮ್ಕೆ ಬುಡು."

ಬಿಟ್ಟೆ. ಹತ್ತನೆಯ ದಿನ ಬುಟ್ಟಿಯ ಸಂದಿಯಲ್ಲಿ ಸುರುಳಿ ಸುತ್ತಿದ ಹಸಿರು ಮೊಳಕೆ ಕಂಡಿತು. ಎಲೆ ಬಿಚ್ಚಿಕೊಂಡ ಮೇಲೆ ಅಧಿಕಾರಿಗಳು ತಾವೇ ಮುದ್ರೆ ಒಡೆದರು, ಹಳೆಯ ಹಾಳೆಯ ಪಕ್ಕ ಹಿಡಿದು ನೋಡಿ ಒಪ್ಪಿಕೊಂಡರು. ನಿಜ ಗೊತ್ತಿದ್ದರೆ ಸಾಲದು, ಅದನ್ನು ಇನ್ನೊಬ್ಬರ ಕಣ್ಣಿಗೂ ಕಾಣಿಸಬೇಕು ಎಂದು ನನಗೆ ಕಲಿಸಿದ್ದು ಆ ಕುಂಡ.

ನೌಕರಿ ಖಾಯಮಾದ ಆದೇಶ ಕೈಗೆ ಬಂತು. ತಪ್ಪಲಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಹೂವೂ ಎಲೆಯೂ ಒಂದೇ ಗಿಡದವೆಂದು ನಾನು ರುಜುವಾತು ಮಾಡಿದೆನೆಂದು ಅದರಲ್ಲಿತ್ತು, ಅವಳ ಹೆಸರಿರಲಿಲ್ಲ. ಓದುವಾಗ ನನ್ನ ದನಿ ತಗ್ಗಿತು. ಅವಳು ಕಾಗದ ಸವರಿ ಹಿಂದಕ್ಕೆ ಕೊಟ್ಟಳು.

"ವೊಳ್ಳೇದಾಯ್ತು ಕಣ್ಲಾ. ಆ ಗಡ್ಡೆ ತಂದ್ಕೊಡು ಮತ್ತೆ. ಅದ್ರ ಜಾಗದಾಗೆ ಕಲ್ಲು ಇನ್ನೂ ಅಂಗೇ ಮಡ್ಗಿವ್ನಿ."