ತಾನಾಗಿ ಜಾರಿದ ಬಾಚಣಿಗೆ

ಯೋನ್‌ಶೋಪಿಂಗ್ ಎಂಬ ಈ ಪರದೇಶದ ಚಳಿಯೂರಿನ ನಮ್ಮ ಅಡುಗೆಮನೆಯಲ್ಲಿ ಇವತ್ತು ದಾಸವಾಳದ ಎಲೆ ಕಿವುಚುತ್ತಿದ್ದಾಗ ಆ ಹಸಿ ವಾಸನೆಗೆ ದೊಡ್ಡಮ್ಮ ನೆನಪಾದರು.

ಚಿಕ್ಕಂದಿನಲ್ಲಿ ನನ್ನ ಕೂದಲು ಒಣಹುಲ್ಲಿನಂತೆ ಮುಟ್ಟಿದರೆ ಮುರಿಯುತ್ತಿತ್ತು. ಅಮ್ಮ ಕತ್ತರಿ ಹಿಡಿದು ಬಂದರೆ ದೊಡ್ಡಮ್ಮ ಅಡ್ಡ ನಿಲ್ಲುತ್ತಿದ್ದರು. “ಮುಟ್ಟಿದ್ರೆ ನೋಡು ಮತ್ತೆ!” ಪ್ರತಿ ಭಾನುವಾರ ಎಲೆಯ ಲೋಳೆ ಹಚ್ಚಿ, ಬೈಯುತ್ತಲೇ ತೊಳೆದು, ಮರದ ಬಾಚಣಿಗೆಯನ್ನು ನನ್ನ ನೆತ್ತಿಯಲ್ಲಿಟ್ಟು ಕೈಬಿಡುತ್ತಿದ್ದರು. ಪ್ರತಿ ಸಲವೂ ಅದು ಸಿಕ್ಕಿನಲ್ಲಿ ನಿಂತುಬಿಡುತ್ತಿತ್ತು. ಒಂದು ಭಾನುವಾರ ಮಾತ್ರ ತಾನಾಗಿ ಜಾರಿ ನೆಲಕ್ಕೆ ಬಿತ್ತು. ದೊಡ್ಡಮ್ಮ ಅಮ್ಮನ ಕೈಯಿಂದ ಕತ್ತರಿ ಕಿತ್ತು ಅಕ್ಕಿ ಡಬ್ಬಿಯೊಳಗೆ ಹೂತೇಬಿಟ್ಟರು!

ಇಲ್ಲಿ ಹೀಟರಿನ ಒಣಗಾಳಿಗೆ ನನ್ನ ಮಗಳ ಕೂದಲಿಗೂ ಅದೇ ಗತಿಯಾಗಿತ್ತು. “ಕಟ್ ಮಾಡ್ಬಿಡಮ್ಮ, ಪ್ಲೀಸ್” ಎಂದು ಅವಳದು ಒಂದೇ ಹಟ. ವಾರವಾರವೂ ಕಿಟಕಿಯ ಕುಂಡದ ದಾಸವಾಳವನ್ನು ಬೋಳಿಸಿದೆ. ಇವತ್ತು ತಲೆ ತೊಳೆದು, ಬಾಚಣಿಗೆ ಇಟ್ಟು, ಕೈಬಿಟ್ಟೆ.

ಟಕ್!

“ಅಮ್ಮಾ, ಇನ್ನೊಂದ್ಸಲ!” ಎಂದು ಮಗಳು ಕುಣಿದಳು.

ನಾನು ಕತ್ತರಿ ಎತ್ತಿಕೊಂಡು ಅಕ್ಕಿ ಡಬ್ಬಿಯತ್ತ ನಡೆದೆ.