ಕೇದಗೆ ಗರಿ ಇಡಲು ಹೋದ ಕೈ

ನಮ್ಮ ಎದುರು ಮನೆಯ ಸಿದ್ದಲಿಂಗವ್ವ ಕನಸು ಬೀಳದೆ ಯಾರಿಗೂ ಸೀರೆ ಕೊಡುವವಳಲ್ಲ. ಲಕ್ಷ್ಮೇಶ್ವರದಲ್ಲಿ ಇದನ್ನು ಕೇಳಿ ನಗದವರಿಲ್ಲ, ನಾನೂ ನಕ್ಕವಳೇ. ಮದುವೆಯ ಕರೆ ಬಂತೆಂದರೆ ಆಕೆ ಮಧ್ಯಾಹ್ನ ಉಂಡು, ಪಡಸಾಲೆಯಲ್ಲಿ ಚಾಪೆ ಹಾಸಿ, ಮದುಮಗಳನ್ನು ನೆನೆಯುತ್ತ ಮಲಗುತ್ತಾಳೆ. ಅರೆನಿದ್ದೆಯಲ್ಲಿ ಆ ಹುಡುಗಿ ಯಾವುದೋ ಬಣ್ಣದ ಸೀರೆಯುಟ್ಟು ಬಿಸಿಲಿಗೆ ನಡೆದುಹೋಗಬೇಕು. ಎದ್ದವಳೇ ಬಸ್ಸು ಹತ್ತಿ ಬೆಟಗೇರಿಗೆ ಹೋಗಿ ನೇಕಾರರ ಓಣಿಯಲ್ಲಿ ಅದೇ ಬಣ್ಣ ಹುಡುಕಿ ತರುತ್ತಾಳೆ. ಕೊಡುವ ಮುಂಚೆ ಒಳಮಡಿಕೆಯಲ್ಲಿ ಒಂದು ಕೇದಗೆ ಗರಿ ಇಡುತ್ತಾಳೆ.

"ಉಡಾಕ ಬಿಚ್ಚಿದಾಗ ಘಮ್ ಅನಬೇಕು ನೋಡವಾ. ಅವಾಗ ನಾ ನೆನಪಾಗಬೇಕು," ಅನ್ನುತ್ತಾಳೆ.

ಉಳಿದ ನಮಗೆಲ್ಲ ಆಯೇರಿಯ ಉಡುಗೊರೆಯೆಂದರೆ ಅಷ್ಟು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ. ಮದುವೆ, ಹೊಸಮನೆಯ ಶಾಂತಿಗಳಲ್ಲಿ ಬಂದ ಸೀರೆಯನ್ನು ಬಿಚ್ಚದೆ ಟ್ರಂಕಿಗೆ ಹಾಕುತ್ತೇವೆ, ಮುಂದಿನ ಮದುವೆಗೆ ಮೇಲಿನದನ್ನೆತ್ತಿ ಕೊಡುತ್ತೇವೆ. ಹೀಗೆ ಊರೂರು ಸುತ್ತಿ ಒಮ್ಮೆಯೂ ಯಾರ ಮೈಮೇಲೂ ಬೀಳದ ಸೀರೆಗಳಿವೆ, ಪಾಪ.

ಕಳೆದ ಬೇಸಿಗೆಯಲ್ಲಿ ಮುಂಡರಗಿಯ ಬೀಗರು ಸಿದ್ದಲಿಂಗವ್ವನಿಗೆ ಉಳ್ಳಾಗಡ್ಡಿ ಸಿಪ್ಪೆ ಬಣ್ಣದ ಸೀರೆಯೊಂದನ್ನು ಆಯೇರಿ ಮಾಡಿದರು. ಆಕೆ ಅದನ್ನು ನೋಡುತ್ತಲೇ ಕುಳಿತಳು. ಆಮೇಲೆ ಮಡಿಕೆಯೊಳಗೆ ಕೈ ಹಾಕಿ, ಒಣಗಿ ಹಪ್ಪಳವಾಗಿದ್ದ ಕೇದಗೆ ಗರಿ ಹೊರತೆಗೆದಳು. ಡಂಬಳದ ನಾದಿನಿಯ ಮಗಳು ಶಿವರಂಜನಿಗೆಂದು ಕನಸು ಕಂಡು ತಂದ ಸೀರೆ ಅದು.

"ಬಿಚ್ಚಿ ಸೈತ ನೋಡಿಲ್ಲ," ಅಂದಳು. "ಇನ್ನ ಕನಸೂ ಬ್ಯಾಡ, ಬೆಟಗೇರಿನೂ ಬ್ಯಾಡ. ಎಲ್ಲಾರಂಗ ಟ್ರಂಕಿನಾಗಿಂದು ಎತ್ತಿ ಕೊಟ್ಟರಾತು."

ಅದೇ ವಾರ ಅಲ್ಮಾಸಬಿ ಮಗಳು ಜಾಸ್ಮಿನಳ ನಿಕಾಹಕ್ಕೆ ಕರೆಯಲು ಬಂದಳು. ಹಿಂದಿನ ಓಣಿಯ ಅಲ್ಮಾಸಬಿ ನಮ್ಮೆಲ್ಲರ ಕುಬಸ ಹೊಲಿಯುವವಳು, ಸಿದ್ದಲಿಂಗವ್ವನ ಚಿಕ್ಕಂದಿನ ಗೆಳತಿ. ಆಕೆಯ ಮನೆಯ ಮದುವೆಗಾದರೂ ಕನಸು ಕಾಣುತ್ತಾಳೆಂದು ನಾನು ಎಣಿಸಿದ್ದೆ. ಇಲ್ಲ. ಸಿಟ್ಟು ಇಳಿದಿರಲಿಲ್ಲ. ನನ್ನಿಂದ ಟ್ರಂಕಿನ ಮುಚ್ಚಳ ಹಿಡಿಸಿ, ನೋಡದೆಯೇ ಒಂದು ಹಸಿರು ಸೀರೆ ಎಳೆದಳು.

ಆದರೆ ಕೈಗೆ ರೂಢಿ ಬಿಡಬೇಕಲ್ಲ! ಬಯ್ಯುತ್ತಲೇ ಕೇದಗೆ ಗರಿ ತಂದು ಒಳಮಡಿಕೆಗೆ ಕೈ ಹಾಕಿದಳು. ಕೈ ಅಲ್ಲಿಯೇ ನಿಂತಿತು. ಒಳಗಿನಿಂದ ಬಂದದ್ದು ಹೊಲಿದ ಕುಬಸ. ಮೊಣಕೈವರೆಗೆ ಉದ್ದ ತೋಳು.

ಸಿದ್ದಲಿಂಗವ್ವನ ಬಲಗೈ ರಟ್ಟೆ ಹುಡುಗಿಯಾಗಿದ್ದಾಗ ಮಿರ್ಚಿ ಕರಿಯುವ ಎಣ್ಣೆ ಬಿದ್ದು ಸುಟ್ಟಿತ್ತು. ಅಂದಿನಿಂದ ಆಕೆಯ ಸೆರಗು ಆ ಕೈ ಬಿಟ್ಟು ಸರಿದಿರಲಿಲ್ಲ. ಉದ್ದ ತೋಳು ಹೊಲಿ ಎಂದರೆ ಯಾಕೆಂದು ಹೇಳಬೇಕಾಗುತ್ತದಲ್ಲ, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಇದು ಕೇಳದೆಯೇ ಹೊಲಿದದ್ದು. ಒಂದೇ ತೋಳು ಉದ್ದವಿದ್ದರೆ ನಾಲ್ಕು ಜನ ಕೇಳುತ್ತಾರೆಂದು ಎರಡನ್ನೂ ಉದ್ದ ಬಿಟ್ಟಿದ್ದಳು ಹೊಲಿದವಳು. ಮೈ ಬಂದರೂ ಆಗಲೆಂದು ಪಕ್ಕದ ಹೊಲಿಗೆಯೊಳಗೆ ಅರಿವೆಯನ್ನೂ ಬಿಟ್ಟಿದ್ದಳು.

"ಇದು ಅಲ್ಮಾಸನ ಸೀರಿ," ಅಂದಳು ಸಿದ್ದಲಿಂಗವ್ವ. "ನಮ್ಮ ಮನಿ ಶಾಂತಿಗೆ ತಂದಿದ್ದಳು. ನಾ ಇದನ್ನ ಅಕಿ ಮಗಳಿಗೇ ಕೊಡಾಕ ಹೊಂಟಿದ್ನಲ್ಲೇ ಯವ್ವಾ!"

ಇಷ್ಟೆಲ್ಲ ಕನಸು ಕಂಡು ಕೊಟ್ಟವಳು, ತನಗಾಗಿಯೂ ಯಾರೋ ಕನಸು ಕಂಡಿರಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಮಧ್ಯಾಹ್ನ ಕುಬಸವನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದಳು. ಗವಾಕ್ಷಿಯ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಸರಿಯಿತು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಜಾಸ್ಮಿನ ಮಾಳಿಗಿ ಮ್ಯಾಲೆ ಕೂದಲಾ ಆರಿಸಾಕ ಹತ್ತಿದ್ದಳು. ಕುಸುಬಿ ಹೂವಿನ ಬಣ್ಣ. ಬೆಟಗೇರಿ ಬಸ್ಸು ಎಷ್ಟಕ್ಕೈತಿ?"

ನಿಕಾಹದ ದಿನ ಪಕ್ಕದ ಹೊಲಿಗೆ ಬಿಚ್ಚಿ, ಆ ಕುಬಸ ತೊಟ್ಟು ಹೊರಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೋದವಳೇ ಮದುಮಗಳ ಮಡಿಲಿಗೆ ಸೀರೆ ಹಾಕಿ, "ಇಲ್ಲೇ ಬಿಚ್ಚವಾ, ನನ್ನ ಮುಂದ," ಅಂದಳು. ಜಾಸ್ಮಿನ ಬಿಚ್ಚಿದಳು, ಕೋಣೆಯೆಲ್ಲ ಕೇದಗೆ ಘಮಘಮ.

ಎಲ್ಲರೂ ಸೀರೆ ನೋಡುತ್ತಿದ್ದರು. ಅಲ್ಮಾಸಬಿ ಮಾತ್ರ ಗೆಳತಿಯ ತೋಳು ನೋಡುತ್ತಿದ್ದಳು. ಹತ್ತಿರ ಬಂದು ತೋಳಿನ ಅಂಚನ್ನು ಬೆರಳಿನಿಂದ ಸರಿಮಾಡಿದಳು.

"ನೀ ನಮ್ಮನಿಗೆ ಬಂದಾಗೊಮ್ಮೆ ಇದನ್ನ ತೊಟ್ಟೀಯೇನು ಅಂತ ನೋಡತಿದ್ದೆ," ಅಂದಳು. "ನಿನ್ನ ಕೈ ನಾ ಕಂಡಿದ್ದಕ್ಕ ನೊಂದಕೊಂಡೀ ಅನಕೊಂಡೆ. ಅದಕ್ಕ ಮತ್ತ ಗಿಡ್ಡ ತೋಳೇ ಹೊಲಕೋಂತ ಬಂದೆ."