ಮುಖ ನೋಡಿ ಕೊಟ್ಟ ಟಿಕೆಟ್

ಕುಲಶೇಖರದ ಸ್ಟಾಪಿನಲ್ಲಿ ನಾನು ದಿನವೂ ಹತ್ತುತ್ತಿದ್ದ ಸಿಟಿ ಬಸ್ಸಿನ ಕಂಡಕ್ಟರ್, ಮಾಮೂಲಿ ಪ್ರಯಾಣಿಕರನ್ನು ಎಲ್ಲಿಗೆಂದು ಕೇಳಿದವರಲ್ಲ. ಕಂಬಕ್ಕೆ ಬೆನ್ನು ಆನಿಸಿ, ಮುಖ ನೋಡಿಯೇ ಟಿಕೆಟ್ ಕೊಡುತ್ತಿದ್ದರು. ಕೆಲವೊಮ್ಮೆ ಟಿಕೆಟ್ಟೂ ಇಲ್ಲ. "ನಮ್ಮವರೇ ಅಲ್ವಾ" ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದರು.

ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದು ಅತ್ತಾವರದ ಆಸ್ಪತ್ರೆಗೆ ಹೋದೆ. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಮದ್ದು ಶುರುವಾಗಿತ್ತು. ಶರೀರ ಇಷ್ಟು ದಿನ ಯಾಕೆ ಸುಮ್ಮನಿತ್ತು ಎಂದು ಕೇಳಿದೆ.

"ಎಂತ ಮಾಡುದು ಮಾರಾಯ್ರೆ. ಒಳಗೆ ಕಾಯುವವನೂ ನನ್ನ ಹಾಗಿನ ಕಂಡಕ್ಟರೇ. ಕ್ಯಾನ್ಸರಿನ ಮುಖ ನೋಡಿ, ನಮ್ಮವರೇ ಅಲ್ವಾ ಅಂತ ಬಿಟ್ಟಿದ್ದಾನೆ."

ಆಮೇಲೆ ಅಂಗಿಯ ತೋಳು ಸರಿಸಿ ಕೆಂಪಗೆ ಎದ್ದ ದದ್ದುಗಳನ್ನು ತೋರಿಸಿದರು.

"ಮದ್ದು ಕೊಟ್ಟ ಮೇಲೆ ಈಗ ಭಾರೀ ಸ್ಟ್ರಿಕ್ಟ್ ಆಗಿದ್ದಾನೆ. ನನ್ನದೇ ಚರ್ಮವನ್ನೂ ಬಿಡುದಿಲ್ಲ. ಆದ್ರೂ ಬೈಲಿಕ್ಕೆ ಮನಸ್ಸು ಬರುದಿಲ್ಲ."

ಮದ್ದು ರೋಗವನ್ನು ಕೆಲವು ತಿಂಗಳು ಹಿಡಿದು ನಿಲ್ಲಿಸಿತು, ಅಷ್ಟೇ.

ಈಗ ಆ ಬಸ್ಸಿಗೆ ಹೊಸ ಕಂಡಕ್ಟರ್ ಬಂದಿದ್ದಾರೆ. ಚುರುಕಿನ ಮನುಷ್ಯ, ಯಾರನ್ನೂ ಕೇಳದೆ ಬಿಡುವುದಿಲ್ಲ. ದಿನವೂ ನನ್ನ ಮುಂದೆ ನಿಂತು "ಎಲ್ಲಿಗೆ?" ಎನ್ನುತ್ತಾರೆ. ನಾನು ಪ್ರತಿ ಸಲವೂ ಉತ್ತರಿಸದೆ ತುಸು ಕಾಯುತ್ತೇನೆ, ಮುಖ ನೋಡಿಯೇ ಗೊತ್ತಾದೀತೋ ಎಂದು.